ಚಾಮಕ್ಕನ ಹತ್ತು ಸೆಕೆಂಡು

ನಮ್ಮಕ್ಕ ಚಾಮುಂಡೇಶ್ವರಿ ಮೈಸೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಎಕ್ಸ್‌ರೇ ತೆಗೆದವಳು. ಊರಿನ ಅರ್ಧ ಜನರನ್ನು ಅವಳು ಒಳಗಿನಿಂದ ನೋಡಿದ್ದಾಳೆ. ಸಿಟಿ ಬಸ್ಸಿನಲ್ಲಿ ಜೊತೆಗೆ ಕೂತರೆ ನನ್ನ ಕಿವಿಯ ಹತ್ತಿರ ಬಗ್ಗಿ, ಮುಂದಿನ ಸೀಟಿನ ಕಡೆ ಹುಬ್ಬು ಹಾರಿಸಿ, ‘ಆ ಯಪ್ಪನ ಭುಜದ ಮೂಳೆ ಚೆನ್ನಾಗಿ ಗೊತ್ತು ಕಣೆ, ಮುಖ ಮಾತ್ರ ಈಗ್ಲೇ ನೋಡ್ತಿರೋದು’ ಅನ್ನುತ್ತಾಳೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: ‘ಎಲ್ರನ್ನೂ ಒಳಗಿಂದ ನೋಡ್ಬುಟ್ಟಿದ್ದೀನಿ.’ ಒಮ್ಮೆ ಕೇಳಿದವರು ಎರಡನೇ ಸಲ ಕೇಳಿದ್ದನ್ನು ನಾನು ಕಂಡಿಲ್ಲ.

ನಾನು ಅವಳ ತಂಗಿ ಮಾಲಾ. ಹೂಟಗಳ್ಳಿಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಅಂದರೆ ನಾನು ಜನರನ್ನು ಹೊರಗಿನಿಂದ ಅಳೆಯುವವಳು, ಅವಳು ಒಳಗಿನಿಂದ ಅಳೆಯುವವಳು. ಹೀಗಾಗಿ ನಮ್ಮಿಬ್ಬರ ಅಭಿಪ್ರಾಯ ಯಾವ ವಿಷಯದಲ್ಲೂ ಒಂದಾಗುವುದಿಲ್ಲ. ಭಾನುವಾರ ಬಂತೆಂದರೆ ಒಂಟಿಕೊಪ್ಪಲಿನ ಅವಳ ಮನೆಗೆ ಹೋಗಿ, ಜಗಳವಾಡಿ, ಊಟ ಮಾಡಿ, ಉಳಿದ ಸಾರನ್ನು ಡಬ್ಬಿಗೆ ತುಂಬಿಸಿಕೊಂಡು ಬರುವುದು ನನ್ನ ಪದ್ಧತಿ.

ಎರಡು ವರ್ಷದ ಹಿಂದೆ ಅವಳಿಗೆ ನಿವೃತ್ತಿಯಾಯಿತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಗೋಡೆ ಗಡಿಯಾರ ಕೊಟ್ಟರು. ಮನೆಯಲ್ಲಿ ಕೂತು ಅವಳು ಬೀದಿಯವರ ನಡಿಗೆ ನೋಡಿ ಯಾರ ಮಂಡಿ ಎಷ್ಟು ಸವೆದಿದೆ ಎಂದು ಜೋರಾಗಿ ಹೇಳತೊಡಗಿದಳು. ಬೀದಿಯವರ ಮರ್ಯಾದೆ ಉಳಿಯಲಿ ಎಂದು ನನ್ನ ಗಂಡ ಮೋಹನ್ ತಮ್ಮ ಹಳೆಯ ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟರು. ಮೂರು ಕಾಲಿನ ಸ್ಟ್ಯಾಂಡನ್ನೂ ಕೊಟ್ಟು, ಹೇಗೆ ಒತ್ತಬೇಕೆಂದು ಒಂದು ಸಂಜೆಯಿಡೀ ಹೇಳಿಕೊಟ್ಟರು. ಎಲ್ಲ ಹೇಳಿಕೊಟ್ಟ ಅವರು ಅವಳ ಅಭ್ಯಾಸವೊಂದನ್ನು ಮರೆತಿದ್ದರು.

ಎಕ್ಸ್‌ರೇ ಕೆಲಸದಲ್ಲಿ ರೋಗಿಯನ್ನು ಹಲಗೆಗೆ ಎದೆಯೊತ್ತಿ ನಿಲ್ಲಿಸುತ್ತಾರೆ. ‘ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ’ ಅನ್ನುತ್ತಾರೆ. ಅನ್ನುತ್ತಲೇ ಕಿರಣ ತಮಗೆ ತಾಗದಂತೆ ಸೀಸದ ಗೋಡೆಯ ಹಿಂದೆ ಸರಿದು ಗುಂಡಿ ಒತ್ತುತ್ತಾರೆ. ಕಡೆಗೆ ‘ಬಿಡಿ’ ಅನ್ನುತ್ತಾರೆ. ಮೂವತ್ತೊಂದು ವರ್ಷ ಇದನ್ನೇ ಮಾಡಿದವಳಿಗೆ ಚಿತ್ರ ತೆಗೆಯುವ ಯಂತ್ರದ ಪಕ್ಕದಲ್ಲಿ ನಿಲ್ಲಲು ಮೈ ಒಪ್ಪುವುದಿಲ್ಲ. ಕ್ಯಾಮೆರಾದಲ್ಲಿ ಒತ್ತಿ ಹತ್ತು ಸೆಕೆಂಡಾದ ಮೇಲೆ ತಾನಾಗಿಯೇ ಚಿತ್ರ ತೆಗೆಯುವ ಒಂದು ಏರ್ಪಾಡಿದೆ ಎಂದು ಗೊತ್ತಾದದ್ದೇ ತಡ, ಅಕ್ಕನಿಗೆ ಸ್ವರ್ಗ ಸಿಕ್ಕಿತು. ಸ್ಟ್ಯಾಂಡ್ ನಿಲ್ಲಿಸುತ್ತಾಳೆ, ಹಕ್ಕಿಗೆ ಉಸಿರು ಹಿಡಿದುಕೊಳ್ಳಲು ಹೇಳುತ್ತಾಳೆ, ಗುಂಡಿ ಒತ್ತುತ್ತಾಳೆ, ಹೋಗಿ ಮರದ ಹಿಂದೆ ನಿಲ್ಲುತ್ತಾಳೆ.

ಹಕ್ಕಿಗಳು ಆಸ್ಪತ್ರೆಗೆ ಬಂದ ರೋಗಿಗಳಲ್ಲ. ಹತ್ತು ಸೆಕೆಂಡು ಅವಕ್ಕೆ ಬಹಳವಾಯಿತು. ವರ್ಷದಲ್ಲಿ ಅಕ್ಕ ತೆಗೆದ ಚಿತ್ರಗಳಲ್ಲಿ ನಲವತ್ತಮೂರು ಖಾಲಿ ಕೊಂಬೆಗಳಿದ್ದವು. ಒಂದರಲ್ಲಿ ಬಾಲದ ತುದಿ ಇತ್ತು. ‘ಅತ್ತಿಗೆ, ಇದು ಮರಗಳ ಆಲ್ಬಮ್ಮಾ?’ ಎಂದು ಮೋಹನ್ ಮುಗ್ಧವಾಗಿ ಕೇಳಿ ಒಂದು ತಿಂಗಳು ಆ ಮನೆಯ ಕಾಫಿ ಕಳೆದುಕೊಂಡರು.

ಇದೆಲ್ಲ ನಗೆಯಲ್ಲೇ ಇತ್ತು, ಸೆಪ್ಟೆಂಬರಿನಲ್ಲಿ ಸಿಂಚನ ಫೋನ್ ಮಾಡುವ ತನಕ. ಸಿಂಚನ ಅಕ್ಕನ ಕೈಯಲ್ಲಿ ಕೆಲಸ ಕಲಿತ ಹುಡುಗಿ, ಈಗ ಅಕ್ಕ ಇದ್ದ ಜಾಗದಲ್ಲಿ ಇದ್ದಾಳೆ. ಎಕ್ಸ್‌ರೇ ವಿಭಾಗಕ್ಕೆ ದಸರಾಕ್ಕೆಂದು ಹೊಸ ಬಣ್ಣ ಹೊಡೆಸಿದ್ದರು. ರೋಗಿಗಳು ಕಾಯುವ ಕೋಣೆಯ ಗೋಡೆಯ ಮೇಲೆ ಮೂವತ್ತು ವರ್ಷದಿಂದ ಒಂದು ಚಿತ್ರವಿತ್ತು: ಯಾವುದೋ ದೇಶದ ಹಿಮದ ಬೆಟ್ಟ, ಕೆಂಪು ಹೆಂಚಿನ ಮನೆ, ಕೊರಳಿಗೆ ಗಂಟೆ ಕಟ್ಟಿದ ಹಸು. ಬಿಸಿಲಿಗೆ ಮನೆ, ಹಸು, ಬೆಟ್ಟ ಮೂರೂ ನೀಲಿಯಾಗಿದ್ದವು. ಅದನ್ನು ಇಳಿಸಿ, ಅದರ ಜಾಗಕ್ಕೆ ಹಲ್ಲು ಕಿಸಿದ ವಿದೇಶಿ ಕುಟುಂಬವೊಂದರ ಫ್ಲೆಕ್ಸ್ ಹಾಕಲಿದ್ದಾರೆ ಎಂದು ಸಿಂಚನ ಹೇಳಿದಳು. ಅಕ್ಕ ಆಗಲೇ ಆಟೋ ಹಿಡಿದು ಹೋಗಿ ಕಚೇರಿಯ ಸೂಪರಿಂಟೆಂಡೆಂಟ್ ಮಹದೇವಸ್ವಾಮಿಯವರ ಮುಂದೆ ಕೂತು, ಆ ಗೋಡೆ ನನಗೆ ಕೊಡಿ ಎಂದು ಕೇಳಿದಳು. ಅವರು ಒಳ್ಳೆಯವರು. ಹಕ್ಕಿಯದೋ ಹೂವಿನದೋ ಒಂದು ಚೆಂದದ ಚಿತ್ರವನ್ನು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತಂದರೆ ಸರಿ, ಇಲ್ಲವಾದರೆ ಫ್ಲೆಕ್ಸಿನವನು ಬರುತ್ತಾನೆ ಎಂದರು. ಅವತ್ತು ಶುಕ್ರವಾರ.

ಒಂದು ಗೋಡೆಗಾಗಿ ಇಷ್ಟು ಯಾಕೆ ಒದ್ದಾಡುತ್ತೀಯ ಎಂದು ನಾನು ಫೋನಿನಲ್ಲಿ ಕೇಳಿದೆ. ತಮಾಷೆಯ ಉತ್ತರ ಬರುತ್ತದೆ ಎಂದುಕೊಂಡಿದ್ದೆ.

‘ನಾನು ಲಕ್ಷ ಚಿತ್ರ ತೆಗ್ದಿರ್ಬೋದು ಕಣೆ. ಎಲ್ರೂ ಬೆಳಕಿಗೆ ಹಿಡ್ದು ನೋಡಿದ್ರು. ನೋಡಿ ನಕ್ಕೋರು ಒಬ್ರೂ ಇಲ್ಲ. ಒಂದೇ ಒಂದು ಚಿತ್ರ ನೋಡಿ ಯಾರಾದ್ರೂ ನಗ್ಲಿ. ಅದೂ ಆ ರೂಮಲ್ಲೇ ನಗ್ಲಿ.’

ಹೀಗೆಂದು ಫೋನ್ ಇಟ್ಟುಬಿಟ್ಟಳು. ನಾನು ಆ ದಿನ ಹೊಲಿದ ಬ್ಲೌಸಿನ ತೋಳು ಉಲ್ಟಾ ಕೂತಿತು.

ಶನಿವಾರ ಕಾರ್ಮೋಡ, ಮಳೆ. ಉಳಿದದ್ದು ಭಾನುವಾರ ಒಂದು. ನಾನೂ ಜೊತೆಗೆ ಬರುತ್ತೇನೆ ಎಂದದ್ದಕ್ಕೆ ಅಕ್ಕ ಒಪ್ಪಲಿಲ್ಲ. ಹಿಂದೊಮ್ಮೆ ಕುಕ್ಕರಹಳ್ಳಿ ಕೆರೆಯಲ್ಲಿ ನಾನು ಸೀನಿ ಒಂದು ಹೆಜ್ಜಾರ್ಲೆ ಹಕ್ಕಿಯನ್ನು ಹಾರಿಸಿದೆ ಎಂಬ ಆರೋಪ ನನ್ನ ಮೇಲಿದೆ. ಸೀನಿದ್ದು ಪಕ್ಕದಲ್ಲಿ ಓಡುತ್ತಿದ್ದ ಯಾರೋ ಒಬ್ಬರು ಎಂದು ಆಗಲೂ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಏನಾದರಾಗಲಿ, ಅವಳು ಕಾರಂಜಿಕೆರೆಗೆ ಒಬ್ಬಳೇ ಹೋದಳು. ಕ್ಯಾಮೆರಾ, ಸ್ಟ್ಯಾಂಡ್, ಕೊಡೆ, ಮಳೆ ಬಂದರೆ ಕ್ಯಾಮೆರಾ ತಲೆಗೆ ಹಾಕಲು ಸ್ನಾನದ ಪ್ಲಾಸ್ಟಿಕ್ ಟೋಪಿ. ನಾನು ಅಲ್ಲಿರಲಿಲ್ಲ. ಆದರೆ ಕ್ಯಾಮೆರಾದಲ್ಲಿ ಪ್ರತಿ ಚಿತ್ರದ ಜೊತೆ ಗಂಟೆ ನಿಮಿಷ ಇರುತ್ತದೆ, ಅಕ್ಕನ ಬಾಯಿಯೂ ಸುಮ್ಮನಿರುವುದಲ್ಲ. ಎರಡನ್ನೂ ಸೇರಿಸಿ ಹೇಳುತ್ತಿದ್ದೇನೆ.

ಮೊದಲ ಚಿತ್ರ ಎಂಟು ಐವತ್ತಕ್ಕೆ. ಕೆರೆಯ ಆಚೆ ಚಾಮುಂಡಿ ಬೆಟ್ಟ, ಮೇಲೆ ಎಳೆ ಬಿಸಿಲು. ತನ್ನ ಹೆಸರಿನ ಬೆಟ್ಟವಾದರೂ ತನ್ನ ಮಾತು ಕೇಳುತ್ತದೆ ಎಂದು ಅಕ್ಕನ ನಂಬಿಕೆ. ಅವಳು ಮರದ ಹಿಂದೆ ಹೋಗಿ ನಿಲ್ಲುವಷ್ಟರಲ್ಲಿ ಮೋಡ ಇಳಿದು ಬೆಟ್ಟವೇ ಮಾಯವಾಯಿತು. ಚಿತ್ರದಲ್ಲಿರುವುದು ಬೂದು ಬಣ್ಣ ಮತ್ತು ಒಂದು ಕಸದ ಬುಟ್ಟಿ.

ಅಲ್ಲಿಂದ ಮುಂದೆ ಹನ್ನೊಂದರವರೆಗೂ ಬಿಸಿಲು ಬಂದಾಗ ಹಕ್ಕಿ ಇಲ್ಲ, ಹಕ್ಕಿ ಬಂದಾಗ ಬಿಸಿಲು ಇಲ್ಲ, ಎರಡೂ ಬಂದಾಗ ಅಕ್ಕ ಮರದ ಹಿಂದೆ. ಒಂದು ನೀರುಕಾಗೆ ದಿಮ್ಮಿಯ ಮೇಲೆ ಎರಡು ರೆಕ್ಕೆ ಚಾಚಿ, ಎದೆ ಮುಂದೆ ಮಾಡಿ, ಹಲಗೆಗೆ ಒತ್ತಿ ನಿಲ್ಲಿಸಿದ ರೋಗಿಯ ಭಂಗಿಯಲ್ಲೇ ನಿಂತಿತ್ತಂತೆ. ಅಕ್ಕನಿಗೆ ಕಣ್ಣು ತುಂಬಿ ಬಂತಂತೆ. ಆರನೇ ಸೆಕೆಂಡಿಗೆ ಅದು ನೀರಿಗೆ ಬಿತ್ತು.

ಪಾರ್ಕಿನಲ್ಲಿ ಎಲೆ ಗುಡಿಸುವ ತಿಮ್ಮಮ್ಮ ಎಂಬಾಕೆ ಇದನ್ನೆಲ್ಲ ಬೆಳಿಗ್ಗೆಯಿಂದ ನೋಡುತ್ತಿದ್ದರು. ಈ ಹೆಂಗಸು ಯಾರೊಡನೆಯೋ ಕಣ್ಣಾಮುಚ್ಚಾಲೆ ಆಡುತ್ತಿದ್ದಾಳೆ, ಆಡುವವರು ಮಾತ್ರ ಕಾಣುತ್ತಿಲ್ಲ ಎಂದು ಮೊದಲು ಅಂದುಕೊಂಡರಂತೆ. ಕಡೆಗೆ ಹತ್ತಿರ ಬಂದು ವಿಚಾರಿಸಿದರು. ಅಕ್ಕ ಗೋಡೆಯ ಕಥೆ, ಸೋಮವಾರದ ಗಡುವು, ಸೀಸದ ಗೋಡೆ ಎಲ್ಲ ಹೇಳಿ, ಹಕ್ಕಿಗಳು ನನ್ನನ್ನು ಕಂಡರೆ ಓಡುತ್ತವೆ ಎಂದು ದೂರಿದಳು. ತಿಮ್ಮಮ್ಮ ಪೊರಕೆ ಊರಿ ನಿಂತು ಯೋಚಿಸಿದರು.

‘ಅವು ನಿಮ್ಮುನ್ನ ನೋಡಿ ಓಡೋಯ್ತಿಲ್ಲ ಕನವ್ವ. ನೀವೇ ಅವುನ್ನ ನೋಡಿ ಓಡೋಯ್ತಿದ್ದೀರ.’

ಈ ಮಾತು ಅಕ್ಕನಿಗೆ ನಾಟಿತು. ಸರಿ, ಈ ಸಲ ಕದಲುವುದಿಲ್ಲ ಎಂದು ಪಟ್ಟು ಹಿಡಿದು ಕ್ಯಾಮೆರಾ ಪಕ್ಕದಲ್ಲೇ ನಿಂತಳು. ಕೈ ಗುಂಡಿಯ ಮೇಲಿತ್ತು, ಕೊಕ್ಕರೆ ಎದುರಿಗಿತ್ತು. ಮೈ ಮಾತ್ರ ತಾನೇ ತಿರುಗಿ ಹೊರಟುಬಿಟ್ಟಿತು. ಹನ್ನೊಂದು ಇಪ್ಪತ್ತರ ಚಿತ್ರದಲ್ಲಿ ಕೊಕ್ಕರೆ ಇದೆ, ಆದರೆ ಅದನ್ನು ಮುಕ್ಕಾಲು ಭಾಗ ಮುಚ್ಚಿರುವುದು ಓಡುತ್ತಿರುವ ಅಕ್ಕನ ಸೀರೆಯ ಸೆರಗು.

ಹನ್ನೆರಡರ ಹೊತ್ತಿಗೆ ಉತ್ತರೆ ಮಳೆ ಬಿಸಿಲಿನ ಜೊತೆಯಲ್ಲೇ ಸುರಿಯಿತು. ಕೆರೆಯ ದಡದಲ್ಲಿ, ನೀರಿನಂಚಿನ ಕಂಬಿ ಬೇಲಿಗೆ ಹತ್ತಿರವಾಗಿ, ಹೆಂಚು ಹೊದಿಸಿದ ಒಂದು ಸಣ್ಣ ತಂಗುದಾಣ. ಅಕ್ಕ ಅಲ್ಲಿಗೆ ಓಡಿದಳು. ತಿಮ್ಮಮ್ಮ ಆಗಲೇ ಅಲ್ಲಿದ್ದರು. ದುಪ್ಪಟ್ಟಾದೊಳಗೆ ಅರ್ಧರ್ಧ ಮುಖ ಮುಚ್ಚಿಕೊಂಡ ಪ್ರೇಮಿಗಳಿಬ್ಬರು ಮೂಲೆಯಲ್ಲಿದ್ದರು. ಹಿಂದೆಯೇ ವೃಷಭೇಂದ್ರಪ್ಪ ಎಂಬ ದಪ್ಪ ಮೀಸೆಯ ಹಿರಿಯರೂ ಅವರ ಹೆಂಡತಿ ಸೋಮಮ್ಮನವರೂ ನೆನೆದುಕೊಂಡು ಬಂದರು. ಕೈಯಲ್ಲಿ ಕೊಡೆ ಇತ್ತು. ಹೊಸದು, ನೆನೆದರೆ ಬಣ್ಣ ಹೋಗುತ್ತದೆ ಎಂದು ಬಿಚ್ಚಿರಲಿಲ್ಲ.

ಅಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿ, ಎಡಗಡೆ ಮೂರು ಪಕ್ಕೆಲುಬು ಮುರಿದದ್ದು ನಿಮ್ಮದೇ ಅಲ್ಲವೇ ಎಂದು ಕೇಳಿದಳು. ವೃಷಭೇಂದ್ರಪ್ಪನವರು ಬೆಚ್ಚಿ ಶರ್ಟಿನ ಗುಂಡಿ ನೋಡಿಕೊಂಡರು. ಹತ್ತು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದದ್ದು ನಿಜ. ಗುರುತು ಸಿಕ್ಕಿದ್ದೇ ಸಾಕು, ಅವರು ಸ್ಕೂಟರ್ ಯಾಕೆ ಜಾರಿತು ಎಂಬುದನ್ನು ಎಲ್ಲರಿಗೂ ಹೇಳತೊಡಗಿದರು. ಈ ದನಿಗೆ ಮೈಸೂರಿನ ಒಂದು ಹಕ್ಕಿಯೂ ಹತ್ತಿರ ಸುಳಿಯದು ಎಂದು ಅಕ್ಕ ಮಳೆ ಸ್ವಲ್ಪ ತಗ್ಗುತ್ತಲೇ ಎದ್ದು, ದಾರಿ ತಿರುಗುವಲ್ಲಿದ್ದ ಹೊಂಗೆ ಮರದ ಕೆಳಗೆ ಸ್ಟ್ಯಾಂಡ್ ಊರಿ, ಕೊಡೆ ಹಿಡಿದು ನಿಂತಳು. ಕ್ಯಾಮೆರಾ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡಿತ್ತು.

ಒಂದು ಗಂಟೆ ಕಳೆಯಿತು. ಒಂದೂ ಹತ್ತರ ಸುಮಾರಿಗೆ ಮಳೆ ಫಕ್ಕನೆ ನಿಂತು, ಮೋಡ ಹರಿದು, ಕೆರೆಯ ಮೇಲೆ ಬಿಸಿಲು ಬಿತ್ತು. ಅದೇ ಹೊತ್ತಿಗೆ ಒಂದು ಮಿಂಚುಳ್ಳಿ ಬಂದು ತಂಗುದಾಣದ ಮುಂದಿನ ಕಂಬಿಯ ಮೇಲೆ ಕೂತಿತು. ನೀಲಿ ಬೆನ್ನು, ಕೆಂಪು ಕೊಕ್ಕು, ಎದೆ ಅಚ್ಚ ಬಿಳಿ. ಅಕ್ಕ ಟೋಪಿ ಕಿತ್ತು, ಗುರಿ ನೋಡಿ, ಹಕ್ಕಿಯ ಹಿಂದೆ ನಿಂತು ಇನ್ನೂ ಮಾತಿನಲ್ಲೇ ಸ್ಕೂಟರ್ ಓಡಿಸುತ್ತಿದ್ದ ವೃಷಭೇಂದ್ರಪ್ಪನವರನ್ನು ಕಂಡಳು. ಈ ದಿನದ್ದು ಇದೊಂದೇ ಅವಕಾಶ. ಅವಳ ಬಾಯಿಂದ ಮೂವತ್ತೊಂದು ವರ್ಷದ ದನಿ ತಾನಾಗಿಯೇ ಹೊರಟಿತು.

‘ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲ್ಲಾಡ್ಬೇಡಿ.’

ಹೇಳಿದ್ದು ಹಕ್ಕಿಗೆ. ಆದರೆ ಆ ದನಿ ಕೇಳಿ ಅಲ್ಲಾಡುವ ಧೈರ್ಯ ನನಗೇ ಇಲ್ಲ, ಇನ್ನು ಹೊರಗಿನವರಿಗೆ ಎಲ್ಲಿಂದ ಬರಬೇಕು. ತಂಗುದಾಣದ ಐವರೂ ಒಟ್ಟಿಗೆ ಎದೆಯುಬ್ಬಿಸಿ ಉಸಿರೆಳೆದು ನಿಂತರು. ಅಕ್ಕ ಗುಂಡಿ ಒತ್ತಿ ಹೊಂಗೆಯ ಹಿಂದೆ ಸರಿದಳು.

ನಾಲ್ಕನೇ ಸೆಕೆಂಡಿಗೆ ಮಿಂಚುಳ್ಳಿ ಬುಳುಕ್ಕನೆ ನೀರಿಗೆ ಧುಮುಕಿ, ಮೀನು ಕಚ್ಚಿಕೊಂಡು ಆಚೆ ದಡಕ್ಕೆ ಹೋಯಿತು.

ಅಕ್ಕ ಮರಕ್ಕೆ ಹಣೆ ಒತ್ತಿ ಕಣ್ಣು ಮುಚ್ಚಿದಳಂತೆ. ಆ ದುಃಖದಲ್ಲಿ ‘ಬಿಡಿ’ ಎನ್ನುವುದನ್ನೇ ಮರೆತಳು. ತಂಗುದಾಣದವರು ಪಾಪ, ಹೇಳಿದ ಮಾತಿಗೆ ಬದ್ಧರಾಗಿ ಹಾಗೆಯೇ ನಿಂತಿದ್ದರು. ಕಡೆಗೆ ಕ್ಯಾಮೆರಾ ಕ್ಲಿಕ್ಕೆಂದಿತು. ಅದಾಗಿ ಎಷ್ಟೋ ಹೊತ್ತಿನ ಮೇಲೆ, ಮೂಲೆಯ ದುಪ್ಪಟ್ಟಾದೊಳಗಿಂದ ಆ ಹುಡುಗ ಇನ್ನೂ ಉಸಿರು ಕಟ್ಟಿಕೊಂಡೇ, ಮೇಡಂ ಇನ್ನು ಬಿಡಬಹುದಾ ಎಂದು ಕೈಸನ್ನೆಯಲ್ಲಿ ಕೇಳಿದ.

ಅಕ್ಕ ಹೋಗಿ ಎಲ್ಲರ ಕ್ಷಮೆ ಕೇಳಿದಳು. ಹಕ್ಕಿ ಹೋಯಿತು, ಚಿತ್ರದಲ್ಲಿ ನೀವಷ್ಟೇ ಇದ್ದೀರಿ, ಅಳಿಸಿಬಿಡುತ್ತೇನೆ ಎಂದಳು. ಅಳಿಸುವುದೇಕೆ, ಹಕ್ಕಿಯ ಜಾಗಕ್ಕೆ ನಮ್ಮನ್ನೇ ಹಾಕಿ ಎಂದು ತಿಮ್ಮಮ್ಮ ಹೇಳಿದರು. ಪಕ್ಕೆಲುಬು ಕಾಣದಿದ್ದರೆ ತಮ್ಮದೇನೂ ಅಡ್ಡಿಯಿಲ್ಲ ಎಂದು ವೃಷಭೇಂದ್ರಪ್ಪನವರು ಹೇಳಿದರು. ಮುಖ ಕಾಣದಿದ್ದರೆ ನಮ್ಮದೂ ಇಲ್ಲ ಎಂದು ದುಪ್ಪಟ್ಟಾದೊಳಗಿಂದ ದನಿ ಬಂತು. ಅಕ್ಕ ಇದನ್ನೆಲ್ಲ ಸಮಾಧಾನದ ಮಾತು ಎಂದುಕೊಂಡಳು. ಮತ್ತೆ ಮೋಡ ಕವಿಯಿತು. ಶುರುವಾದ ಮಳೆ ಆಮೇಲೆ ನಿಲ್ಲಲೇ ಇಲ್ಲ.

ನಾಲ್ಕು ಗಂಟೆಗೆ ಅವಳು ಮನೆಗೆ ಬಂದಾಗ ನಾನು ಜಗುಲಿಯಲ್ಲಿ ಜಗಳಕ್ಕೆ ಸಿದ್ಧಳಾಗಿ ಕೂತಿದ್ದೆ. ಅವಳ ಮುಖ ನೋಡಿ ಜಗಳ ಮರೆತುಹೋಯಿತು. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ‘ಮುಗೀತು ಕಣೆ. ಫ್ಲೆಕ್ಸೇ ಹಾಕ್ಲಿ ಬುಡು’ ಎಂದು ಕ್ಯಾಮೆರಾವನ್ನು ನನ್ನ ಮಡಿಲಿಗೆ ಹಾಕಿ ಸೀರೆ ಬದಲಾಯಿಸಲು ಹೋದಳು.

ಕಸದ ಬುಟ್ಟಿ ನೋಡಿದೆ. ಖಾಲಿ ದಿಮ್ಮಿ ನೋಡಿದೆ. ಸೆರಗು ನೋಡಿದೆ. ಆಮೇಲೆ ಒಂದೂ ಹನ್ನೊಂದರ ಚಿತ್ರ ಬಂತು.

ಮುಂದೆ ಖಾಲಿ ಕಂಬಿ, ಅದರ ಮೇಲೆ ಸಾಲಾಗಿ ಹೊಳೆಯುವ ಮಳೆ ಹನಿ. ಹಿಂದೆ ಬಿಸಿಲಿನಲ್ಲಿ ಐದು ಜನ. ಸೋಮಮ್ಮನವರ ಕೆನ್ನೆಗಳು ಕಡುಬಾಗಿದ್ದವು, ಕಣ್ಣು ಗಂಡನ ಕಡೆಗಿತ್ತು. ತಿಮ್ಮಮ್ಮ ಪೊರಕೆಯನ್ನು ಬಂದೂಕಿನಂತೆ ಎದೆಗೆ ಹಿಡಿದು ಸೆಟೆದು ನಿಂತಿದ್ದರು. ದುಪ್ಪಟ್ಟಾ ಬಲೂನಿನಂತೆ ಉಬ್ಬಿತ್ತು. ನಡುವೆ ವೃಷಭೇಂದ್ರಪ್ಪನವರು ಆ ಕ್ಷಣದಲ್ಲೇ ತಡೆಯಲಾರದೆ ಸಿಡಿದಿದ್ದರು. ಮೀಸೆಯ ಎರಡು ತುದಿಯೂ ಗಾಳಿಯಲ್ಲಿ ಎದ್ದು ನಿಂತಿದ್ದವು. ಬಿಚ್ಚದ ಕೊಡೆ ತಾನಾಗಿಯೇ ಬಿಚ್ಚಿಕೊಂಡಿತ್ತು.

ನಾನು ನಕ್ಕೆ. ಜಗುಲಿಯಿಂದ ಜಾರಿ ಕೆಳಗೆ ಕೂತು ನಕ್ಕೆ. ಒಳಗಿಂದ ಓಡಿಬಂದ ಅಕ್ಕ ನನಗೇನೋ ಆಯಿತೆಂದು ಮೊದಲು ನಾಡಿ ಹಿಡಿದಳು. ಚಿತ್ರ ತೋರಿಸಿದರೆ ಅವಳ ಮುಖ ಬಿಗಿಯಿತು. ನೋಡು, ಮೀಸೆ ಅಲ್ಲಾಡಿದೆ, ಕೊಡೆ ಅಲ್ಲಾಡಿದೆ, ಇದನ್ನು ಸಿಂಚನ ತೆಗೆದಿದ್ದರೆ ಬೈದು ಇನ್ನೊಂದು ಸಲ ತೆಗೆಸುತ್ತಿದ್ದೆ ಎಂದಳು. ಅಲ್ಲಾಡಿದ ಚಿತ್ರವನ್ನು ಆ ವಿಭಾಗದೊಳಗೆ ತಾನೇ ತೆಗೆದುಕೊಂಡು ಹೋದರೆ ಮೂವತ್ತೊಂದು ವರ್ಷ ಕಲಿಸಿದ್ದಕ್ಕೆ ಅರ್ಥವೇನು ಎಂದು ಕೇಳಿದಳು. ಅಷ್ಟರಲ್ಲಿ ಮೀಸೆ ಕಣ್ಣಿಗೆ ಬಿದ್ದು ನನಗೆ ಮತ್ತೆ ನಗೆ ಶುರುವಾಯಿತು. ನಗೆಯ ನಡುವೆ, ಕುಕ್ಕರಹಳ್ಳಿಯಲ್ಲಿ ಸೀನಿದ್ದು ನಾನೇ ಎಂದು ಬಾಯಿ ತಪ್ಪಿ ಒಪ್ಪಿಕೊಂಡೂಬಿಟ್ಟೆ.

ಅಕ್ಕ ಚಿತ್ರ ಬಿಟ್ಟು, ನಗುತ್ತಿದ್ದ ನನ್ನನ್ನೇ ನೋಡುತ್ತ ನಿಂತಳು. ಆಮೇಲೆ ಒದ್ದೆ ಚಪ್ಪಲಿಯನ್ನೇ ಮೆಟ್ಟಿಕೊಂಡು, ಪ್ರಿಂಟ್ ಹಾಕುವ ಸ್ಟುಡಿಯೋ ಅಶ್ವತ್ಥ ಏಳಕ್ಕೆ ಬಾಗಿಲು ಹಾಕುತ್ತಾನೆ, ಏಳು ಎಂದಳು.

ಸೋಮವಾರ ಒಂಬತ್ತಕ್ಕೆ ಐದು ನಿಮಿಷವಿದ್ದಾಗ ಚಿತ್ರ ಗೋಡೆಯೇರಿತು. ಎರಡಡಿ ಎತ್ತರ, ಮೂರಡಿ ಅಗಲ. ಮಹದೇವಸ್ವಾಮಿಯವರು ಕನ್ನಡಕ ಏರಿಸಿ ಇಳಿಸಿ ನೋಡಿದರು. ಹಕ್ಕಿ ಎಲ್ಲಿ ಎಂದು ಕೇಳಿದರು.

‘ಈಗ ತಾನೆ ಹಾರಿಹೋಯ್ತು ಸರ್’ ಎಂದಳು ಅಕ್ಕ.

ಅವರು ನಗಲಿಲ್ಲ. ಇವತ್ತು ಒಂದು ದಿನ ಇರಲಿ, ನೋವು ತಿನ್ನುತ್ತ ಕೂತಿರುವವರ ಎದುರು ಇದು ಸರಿಹೋಗುತ್ತದೋ ಇಲ್ಲವೋ ನೋಡೋಣ, ಒಬ್ಬರು ಬೇಸರಪಟ್ಟರೂ ನಾಳೆ ಫ್ಲೆಕ್ಸ್ ಎಂದು ಹೇಳಿ ಅಲ್ಲೇ ಬಾಗಿಲ ಬಳಿ ನಿಂತರು. ಅಕ್ಕನ ಮುಖದ ಬಣ್ಣ ಇಳಿಯಿತು. ಅಭ್ಯಾಸ ಬಿಡುತ್ತದೆಯೇ, ಸೀದಾ ಹೋಗಿ ಎಕ್ಸ್‌ರೇ ಕೋಣೆಯ ದಪ್ಪ ಬಾಗಿಲ ಹಿಂದೆ ಅವಿತುಕೊಂಡಳು. ನಾನೂ ಅವಳ ಬೆನ್ನಿಗೆ ನಿಂತೆ.

ಮೊದಲು ಬಂದವರು ನಡುವಯಸ್ಸಿನ ಗಂಡ ಹೆಂಡತಿ. ಆತನಿಗೆ ಕೆಮ್ಮು. ಫೈಲನ್ನು ಎರಡು ಕೈಯಲ್ಲೂ ಒತ್ತಿ ಹಿಡಿದಿದ್ದರು. ಆಕೆಯ ಕಣ್ಣು ಅತ್ತು ಊದಿತ್ತು. ಇಬ್ಬರೂ ಬೆಂಚಿನಲ್ಲಿ ಕೂತರು. ಆತ ಗೋಡೆ ನೋಡಿದರು, ನೆಲ ನೋಡಿದರು. ಮತ್ತೆ ಗೋಡೆ ನೋಡಿದರು. ಏನೂ ಆಗಲಿಲ್ಲ. ಮಹದೇವಸ್ವಾಮಿಯವರು ಗಂಟಲು ಸರಿಮಾಡಿಕೊಂಡರು. ಸಿಂಚನ ಹೊರಗೆ ಹೋಗಿ, ಒಳಗೆ ಬಂದಾಗ ಉಸಿರು ಎಳೆದು ಹಿಡಿದುಕೊಳ್ಳಬೇಕಾಗುತ್ತದೆ ಎಂದು ಎಲ್ಲರಿಗೂ ಹೇಳುವಂತೆ ಅವರಿಗೂ ಹೇಳಿದಳು.

ಆತ ಚಿತ್ರದ ಕಡೆ ಬೆರಳು ತೋರಿಸಿ, ಹೀಗಾ ಎಂದು ಕೇಳಿದರು. ಕೇಳಿ, ಸೋಮಮ್ಮನವರನ್ನೇ ನೋಡುತ್ತ ಕೆನ್ನೆ ಉಬ್ಬಿಸಿದರು. ಹೆಂಡತಿ ತಿರುಗಿ ಗಂಡನನ್ನು ನೋಡಿದರು, ಗೋಡೆ ನೋಡಿದರು, ಮತ್ತೆ ಗಂಡನನ್ನು ನೋಡಿದರು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸೆರಗಿನಿಂದ ಆಗಲಿಲ್ಲ. ಆಕೆಯಿಂದ ಹೊರಟ ನಗೆಗೆ ಗಂಡನ ಉಸಿರೂ ವೃಷಭೇಂದ್ರಪ್ಪನವರ ಹಾಗೆಯೇ ಸಿಡಿಯಿತು. ಆಚೆ ಬೆಂಚಿನಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಆಗ ತಾನೆ ಕೂತ ಮುದುಕಿಯೊಬ್ಬರು ಏನು ಏನು ಎಂದು ಕೇಳಿ, ನೋಡಿ, ಅವರೂ ಸೇರಿಕೊಂಡರು. ಮಹದೇವಸ್ವಾಮಿಯವರು ನಗು ಕಾಣದಿರಲೆಂದು ಗೋಡೆಯ ಕಡೆ ತಿರುಗಿದರು. ಅಲ್ಲಿ ಎದುರಿಗೇ ಮೀಸೆ ಇತ್ತು.

ನಾನು ಅಕ್ಕನನ್ನು ನೋಡಿದೆ. ಬಾಗಿಲ ಸಂದಿಗೆ ಕಣ್ಣಿಟ್ಟು ಕಂಬದಂತೆ ನಿಂತಿದ್ದಳು. ಭುಜ ಎರಡೂ ಮೇಲೆದ್ದಿದ್ದವು, ಎದೆ ಉಬ್ಬಿತ್ತು, ಮುಖ ಕೆಂಪಾಗಿತ್ತು. ಎಷ್ಟು ಹೊತ್ತಿನಿಂದ ಹಾಗಿದ್ದಳೋ. ನಾನು ಅವಳ ಬೆನ್ನಿನ ಮೇಲೆ ಕೈಯಿಟ್ಟು, ಅವಳದೇ ದನಿಯಲ್ಲಿ ಹೇಳಿದೆ.

‘ಬಿಡಿ.’

ಅಕ್ಕ ಉಸಿರು ಬಿಟ್ಟಳು. ಕಣ್ಣೊರೆಸಿಕೊಂಡು ಮತ್ತೆ ಸಂದಿಗೆ ಮುಖವಿಟ್ಟಳು.

‘ನೋಡೆ, ಒಬ್ರಾದ್ರೂ ಅಲ್ಲಾಡ್ದೆ ಕೂತವ್ರಾ’ ಎಂದಳು. ನಮ್ಮಕ್ಕ ಬೈಯದೆ ಆ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.